ಪ್ರವೇಶ ಪರೀಕ್ಷೆಯ ಓದು ಮಕ್ಕಳ ನಿದ್ದೆ ಕಸಿಯದಿರಲಿ

ಮಾನ್ಯ ಸಂಪಾದಕರೇ,

ಕಾಲೇಜು ಪ್ರವೇಶದ ದಿನಗಳು ಹತ್ತಿರವಾದಂತೆ, ಹದಿನಾರು ಹದಿನೇಳರ ಮಕ್ಕಳಿರುವ ಮನೆಗಳಲ್ಲಿ ಮೊದಲು ಕತ್ತರಿ ಬೀಳುವುದು ಅವರ ನಿದ್ದೆಗೆ. ಹಲವು ವರ್ಷ ಈ ವಯಸ್ಸಿನವರಿಗೆ ಪಾಠ ಹೇಳಿದ ನನಗೆ, ಅವರನ್ನು ಬಳಲಿಸುವುದು ಪಠ್ಯದ ಭಾರಕ್ಕಿಂತ ಹೆಚ್ಚಾಗಿ ‘ಇವತ್ತು ಎಷ್ಟು ಗಂಟೆ ಓದಿದೆ’ ಎಂಬ ಹಿರಿಯರ ಲೆಕ್ಕವೇ ಎಂದು ಅನ್ನಿಸಿದೆ.

13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ 2016ರಲ್ಲಿಯೇ ಶಿಫಾರಸು ಮಾಡಿದೆ. ಹದಿಹರೆಯದಲ್ಲಿ ನಿದ್ದೆಯ ಸೂಚನೆ ಕೊಡುವ ಮೆಲಟೋನಿನ್ ಎಂಬ ಹಾರ್ಮೋನು ರಾತ್ರಿ ತಡವಾಗಿ ಸ್ರವಿಸುವುದರಿಂದ ಈ ಮಕ್ಕಳಿಗೆ ಬೇಗ ನಿದ್ದೆ ಹತ್ತುವುದಿಲ್ಲ. ಅದು ಸೋಮಾರಿತನವೂ ಅಲ್ಲ, ಹಟವೂ ಅಲ್ಲ. ಅಂಥವರನ್ನು ನಸುಕಿನಲ್ಲೇ ಎಬ್ಬಿಸಿ ಪುಸ್ತಕದ ಮುಂದೆ ಕೂರಿಸಿದರೆ, ಹಗಲು ಕಲಿತದ್ದು ನೆನಪಿನಲ್ಲಿ ಗಟ್ಟಿಯಾಗುವ ಹೊತ್ತನ್ನೇ ಕಿತ್ತುಕೊಂಡಂತಾಗುತ್ತದೆ.

ಹಾಗೆ ಮಲಗಲು ಬಿಟ್ಟರೆ ಓದುವ ಸಮಯ ಕಡಿಮೆಯಾಗುವುದಿಲ್ಲವೇ ಎಂದು ಪೋಷಕರು ಕೇಳುತ್ತಾರೆ. ಕಡಿಮೆಯಾಗುತ್ತದೆ, ಆಗಲಿ; ಓದುವ ಕ್ರಮ ಬದಲಾದರೆ ಅದರಿಂದ ನಷ್ಟವಿಲ್ಲ. ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಕೆಲವು ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ಮತ್ತೆ ಮತ್ತೆ ಓದಿದರು, ಇನ್ನು ಕೆಲವರು ಒಮ್ಮೆ ಓದಿ ನೆನಪಿದ್ದುದನ್ನು ಬರೆದರು. ಐದು ನಿಮಿಷದ ಬಳಿಕ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು, ಆದರೆ ಒಂದು ವಾರದ ಬಳಿಕ ಕೇಳಿದಾಗ ನೆನಪಿನಿಂದ ಬರೆದವರಿಗೇ ಹೆಚ್ಚು ಉಳಿದಿತ್ತು. ಆದ್ದರಿಂದ ಪುಸ್ತಕ ಮುಚ್ಚಿ ಖಾಲಿ ಹಾಳೆಯಲ್ಲಿ ಬರೆಯುವುದು, ತಪ್ಪಿದ್ದನ್ನು ತೆರೆದು ನೋಡುವುದು, ಎರಡು ದಿನ ಬಿಟ್ಟು ಮತ್ತೊಮ್ಮೆ, ವಾರ ಬಿಟ್ಟು ಇನ್ನೊಮ್ಮೆ ಬರೆಯುವುದು ಸಾಕು. ಇದು ಮೊದಮೊದಲು ಕಷ್ಟವೆನಿಸುತ್ತದೆ, ಏಕೆಂದರೆ ಮರೆತದ್ದು ಕಣ್ಣೆದುರೇ ಕಾಣುತ್ತದೆ. ಆದರೆ ಪರೀಕ್ಷೆಯ ಹಿಂದಿನ ರಾತ್ರಿ ‘ಏನೂ ನೆನಪಿಲ್ಲ’ ಎಂದು ನಡುಗುವ ಮಗುವಿಗೆ, ತನಗೆ ಏನು ಗೊತ್ತಿದೆ ಎಂಬ ಖಾತ್ರಿಗಿಂತ ದೊಡ್ಡ ಸಮಾಧಾನ ಇನ್ನೊಂದಿಲ್ಲ. ಅಣಕು ಪರೀಕ್ಷೆಯನ್ನೂ ದಿನದಿನವೂ ಬರೆಸಬೇಕಿಲ್ಲ. ಒಂದನ್ನು ಬರೆಸಿ, ಅದರ ತಪ್ಪುಗಳೊಂದಿಗೆ ಎರಡು ದಿನ ಕೂತರೆ ಹೆಚ್ಚು ಪ್ರಯೋಜನ. ಅದರ ಅಂಕವನ್ನು ಬಂಧುಗಳಿಗೆ ಹೇಳುವ ಅಗತ್ಯವಂತೂ ಇಲ್ಲವೇ ಇಲ್ಲ.

ಪ್ರವೇಶದ ಮಾತನ್ನು ಪ್ರತಿ ಊಟದ ಹೊತ್ತಿಗೂ ತೆಗೆಯದೆ ವಾರಕ್ಕೊಂದು ಅರ್ಧ ಗಂಟೆ ಅದಕ್ಕೆಂದೇ ಮೀಸಲಿಡಬಹುದು. ಅರ್ಜಿ, ಶುಲ್ಕ, ಕೊನೆಯ ದಿನಾಂಕಗಳ ನೆನಪನ್ನು ಹಿರಿಯರು ವಹಿಸಿಕೊಳ್ಳಲಿ. ಕಾಲೇಜಿನ ಆಯ್ಕೆಯಲ್ಲಿ ಮಾತ್ರ ಮಗುವಿನ ಮಾತು ನಡೆಯಲಿ. ಒಂದೇ ಕಾಲೇಜಿನ ಹೆಸರು ಹಿಡಿದು ಕೂರದೆ, ಮಗು ನಿಜವಾಗಿ ಸಂತೋಷದಿಂದ ಹೋಗಬಲ್ಲ ನಾಲ್ಕೈದನ್ನು ಪಟ್ಟಿಯಲ್ಲಿಟ್ಟುಕೊಂಡರೆ ಪರೀಕ್ಷೆಯ ಒಂದು ದಿನಕ್ಕೆ ಅಷ್ಟೊಂದು ಭಾರ ಬೀಳದು. ನಿದ್ದೆಗೆಡುವುದು, ಊಟ ಬಿಡುವುದು, ಬದುಕು ಬೇಸರವೆನ್ನುವುದು ಕಂಡುಬಂದರೆ ಪರೀಕ್ಷೆ ಮುಗಿಯಲಿ ಎಂದು ಕಾಯದೆ ವೈದ್ಯರಿಗೆ ತೋರಿಸಬೇಕು.

ತಮ್ಮಲ್ಲಿ ಒಂದು ವಿನಂತಿ. ಫಲಿತಾಂಶದ ದಿನ ಅಗ್ರಸ್ಥಾನ ಪಡೆದವರನ್ನು ದಿನಕ್ಕೆ ಎಷ್ಟು ಗಂಟೆ ಓದಿದಿರಿ ಎಂದು ತಮ್ಮ ವರದಿಗಾರರು ಕೇಳುವಾಗ, ಎಷ್ಟು ಗಂಟೆ ಮಲಗಿದಿರಿ ಎಂದೂ ಕೇಳಿ, ಆ ಉತ್ತರವನ್ನೂ ಪ್ರಕಟಿಸಬೇಕು.

ಇಂತಿ,
ಒಬ್ಬ ನಿವೃತ್ತ ಅಧ್ಯಾಪಕ