ಮೆಟೀರಿಯಲ್ಸ್ ಅಂದ್ರೆ ಬಟ್ಟೆ ಅಂಗಡಿ ಅಲ್ಲ

ಸಂಪಾದಕರೇ,

ಪಿಯುಸಿ ಮುಗಿಸಿದ ಮಗಳು ಮೆಟೀರಿಯಲ್ಸ್ ಎಂಜಿನಿಯರಿಂಗ್ ಓದ್ತೀನಿ ಅಂದಾಗ ನೆಂಟರೊಬ್ಬರು ಕೇಳಿದರು, "ಅದೇನು, ಬಟ್ಟೆ ಅಂಗಡಿಯಾ?" ಅದೂ ಭದ್ರಾವತಿಯಲ್ಲಿ, 1923ರಿಂದ ಕಬ್ಬಿಣ ಕರಗಿಸಿದ ಊರಲ್ಲಿ! ಕಾದು ಕೆಂಪಾದ ಉಕ್ಕಿನ ಉಳಿಯನ್ನು ನೀರಿಗೆ ಅದ್ದಿದರೆ ಗಟ್ಟಿಯಾಗುತ್ತದೆ, ಆದರೆ ಏಟು ಬಿದ್ದರೆ ಪಟ್ಟಂತ ಒಡೆಯುತ್ತದೆ, ಅದಕ್ಕೇ ಕಮ್ಮಾರ ಮತ್ತೆ ಸ್ವಲ್ಪ ಕಾಯಿಸಿ ಹದ ಮಾಡುತ್ತಾನೆ. ಯಾಕೆ ಹಾಗಾಗುತ್ತೆ ಅನ್ನೋದೇ ಈ ಓದು. ಇದರಲ್ಲಿ ಬಿ.ಟೆಕ್, ಎಂ.ಟೆಕ್ ಬೇರೆ ಬೇರೆ ಮಾಡಿದರೆ 6 ವರ್ಷ, ಮಧ್ಯೆ ಎಂ.ಟೆಕ್ ಸೇರೋಕೆ ಬರೆಯೋ ಗೇಟ್ ಪರೀಕ್ಷೆಯ ತಲೆನೋವು. ಎರಡೂ ಒಟ್ಟಿಗೆ ಸಿಗುವ ಕೆಲವು ಐಐಟಿಗಳ ಜೋಡಿ ಪದವಿಗೆ 5 ವರ್ಷ ಸಾಕು. ಬೆಂಗಳೂರಿನ ಐಐಎಸ್‌ಸಿಯಲ್ಲೂ 4 ವರ್ಷದ ಬಿಎಸ್ ಆದಮೇಲೆ ಇನ್ನೊಂದು ವರ್ಷ ಉಳಿದು ಮಾಸ್ಟರ್ಸ್ ಪಡೆಯಬಹುದು. ನನಗೆ ಇದೇ ಜಾಸ್ತಿ ಇಷ್ಟ. 17ರ ಮಕ್ಕಳನ್ನು ಮೊದಲ ದಿನವೇ 5 ವರ್ಷಕ್ಕೆ ಸುಮ್ನೆ ಯಾಕೆ ಕಟ್ಟಿಹಾಕಬೇಕು, ಅಲ್ವಾ? ನಮ್ಮ ಸರ್ಕಾರಿ ಕಾಲೇಜುಗಳಲ್ಲೂ ಈ ದಾರಿ ತೆರೆಯಲಿ.

- ಒಬ್ಬ ಅಪ್ಪ, ಭದ್ರಾವತಿ