'ಹೋಗಿದೆ'ಯೋ, 'ಹೋಗಿರಬೇಕು'ವೋ?

ಮಾನ್ಯ ಸಂಪಾದಕರೇ,

ನಮ್ಮದು ಆರು ವರ್ಷದ ಕಾರು. ಕೀ ಜೇಬಿನಲ್ಲಿದ್ದರೆ ಸಾಕು, ಹ್ಯಾಂಡಲಿನ ಮೇಲಿನ ಕರಿ ಬಟನ್ ಒತ್ತಿದರೆ ಬಾಗಿಲು ತೆರೆಯಬೇಕು. ಕಳೆದ ಮಳೆಗಾಲದಲ್ಲಿ ಅದು ಮುನಿಸಿಕೊಂಡಿತು. ಮಳೆ ಹೊಯ್ದ ಬೆಳಿಗ್ಗೆ ಜಪ್ಪಯ್ಯ ಎಂದರೂ ತೆರೆಯದು; ಮಧ್ಯಾಹ್ನ ಹೊಳವಾದರೆ ಏನೂ ಆಗಿಲ್ಲವೆಂಬಂತೆ 'ಟಕ್' ಎನ್ನುವುದು. ಕೀಯಲ್ಲಿರುವ ರಿಮೋಟ್ ಒತ್ತಿದರೆ ಮಾತ್ರ ಯಾವತ್ತೂ ತಪ್ಪುತ್ತಿರಲಿಲ್ಲ.

ಶಿವಮೊಗ್ಗದ ಸರ್ವಿಸ್ ಸೆಂಟರಿಗೆ ಒಯ್ದೆ. ಮೊದಲು ಕೀಯ ಸೆಲ್ ಬದಲಿಸಿದರು. (2032 ಸೆಲ್ ಅದು. 20 ಮಿ.ಮೀ. ಅಗಲ, 3.2 ಮಿ.ಮೀ. ದಪ್ಪ ಎಂಬುದೇ ಆ ಅಂಕಿಯ ಅರ್ಥವಂತೆ.) ಗುಣ ಕಾಣಲಿಲ್ಲ. ಸ್ಕ್ಯಾನರ್ ಹಾಕಿದರು, ದೋಷ ಸೂಚಿಸುವ ಫಾಲ್ಟ್ ಕೋಡ್ ಬರಲಿಲ್ಲ. ಆದರೂ ಕೀಯನ್ನು ಗುರುತಿಸಿ ಬಾಗಿಲು ತೆರೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಯನ್ನೇ ದೂರಿ, "ಮಾಡ್ಯೂಲ್ ಹೋಗಿರಬೇಕು ಸಾರ್" ಎಂದು 18,500 ರೂಪಾಯಿಯ ಎಸ್ಟಿಮೇಟ್ ಕೈಗಿತ್ತರು. ಮೂವತ್ತು ವರ್ಷ ಕನ್ನಡ ಪಾಠ ಮಾಡಿದವನಿಗೆ 'ಹೋಗಿದೆ'ಗೂ 'ಹೋಗಿರಬೇಕು'ಗೂ ಇರುವ ಅಂತರ ಕಿವಿಗೆ ಬೀಳದೆ ಇದ್ದೀತೇ? ಕಾರು ವಾಪಸ್ ತಂದೆ.

ನಮ್ಮೂರ ಗ್ಯಾರೇಜಿನ ಹುಡುಗ ಕೇಳಿದ್ದು ಒಂದೇ ಪ್ರಶ್ನೆ: "ಮೇಷ್ಟ್ರೇ, ಎಡಗಡೆ ಬಾಗಿಲಿನ ಬಟನ್ ಒತ್ತಿದ್ರೆ ತೆರೆಯುತ್ತಾ?" ನಾನು ಆ ಕಡೆ ಹೋಗಿ ಒತ್ತಿಯೇ ಇರಲಿಲ್ಲ! ಒತ್ತಿದೆ, ತೆರೆಯಿತು. "ಹಾಗಾದ್ರೆ ಕೀ ಸರಿ ಇದೆ, ಮಾಡ್ಯೂಲೂ ಸರಿ ಇದೆ. ಕಾಯಿಲೆ ಈ ಹ್ಯಾಂಡಲ್‌ನಲ್ಲೇ" ಎಂದ. ಬಾಗಿಲಿನ ಒಳಪ್ಯಾಡ್ ಬಿಚ್ಚಿ, ಹ್ಯಾಂಡಲಿನಿಂದ ಬರುವ ವೈರಿನ ಕನೆಕ್ಟರ್ ಎಳೆದು ತೋರಿಸಿದ. ಹುಣಸೆಹಣ್ಣು ಕಾಣದ ಹಿತ್ತಾಳೆ ಚೊಂಬಿನ ಹಾಗೆ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿತ್ತು. ಬಟನ್ ಒತ್ತಿದ್ದೇ ಮಾಡ್ಯೂಲಿಗೆ ತಲುಪದಿದ್ದರೆ ಅದು ಕೋಡ್ ತೋರಿಸುವುದಾದರೂ ಹೇಗೆ? ಸ್ಪ್ರೇ ಹೊಡೆದು, ಬ್ರಷ್‌ನಲ್ಲಿ ತಿಕ್ಕಿ, ಮೀಟರ್ ಹಿಡಿದು ಬಟನ್ ಒತ್ತಿದ. ಮೀಟರ್ ಕೂಗಿತು; ಸಂಪರ್ಕ ಕೂಡಿತೆಂದು ಅರ್ಥ. ನೀರು ಇಳಿಯುತ್ತಿದ್ದ ರಬ್ಬರ್ ಬದಲಿಸಿದ್ದೂ ಸೇರಿ 350 ರೂಪಾಯಿ. ಆಮೇಲೆ ಉಳಿದ ಮಳೆಗಾಲವೆಲ್ಲ ಕಳೆಯಿತು, ಬಾಗಿಲು ಒಮ್ಮೆಯೂ ಸತಾಯಿಸಲಿಲ್ಲ.

ಸರ್ವಿಸ್ ಸೆಂಟರಿನವರಿಗೆ ಇಷ್ಟು ತಿಳಿಯದು ಎಂದು ನಾನು ನಂಬಲಾರೆ. ಆ ಕಡೆಯ ಬಾಗಿಲಿಗೆ ನಡೆದುಹೋಗಿ ಒಮ್ಮೆ ಒತ್ತುವ ವ್ಯವಧಾನ ಇರಲಿಲ್ಲ, ಅಷ್ಟೇ. ಎಸ್ಟಿಮೇಟ್ ಹಾಳೆಯಲ್ಲಿ ಬಿಡಿಭಾಗದ ದರದ ಪಕ್ಕ ಇನ್ನೊಂದು ಕಾಲಂ ಇರಲಿ: ಏನೇನು ಪರೀಕ್ಷಿಸಿದಿರಿ, ಏನು ಕಂಡಿತು? 'ಹೋಗಿದೆ'ಯೋ 'ಹೋಗಿರಬೇಕು'ವೋ ಎಂಬುದನ್ನೂ ಅಲ್ಲೇ ಬರೆದು ಸಹಿ ಹಾಕಲಿ.

– ನಿವೃತ್ತ ಕನ್ನಡ ಶಿಕ್ಷಕ, ತೀರ್ಥಹಳ್ಳಿ