ಗೆಳೆಯನಿಗೊಂದು ಪತ್ರ: ನಿನ್ನ ಸೊಸೆಯ ಹಿರಿಯರು ದಾಟಿದ ಹೊಳೆಗಳು

ಪ್ರೀತಿಯ ಗೆಳೆಯ,

ಸೊಸೆಯ ಹಿರಿಯರು 1845ರಲ್ಲಿ ಎತ್ತಿನ ಬಂಡಿ ಹೂಡಿಕೊಂಡು ಮಿಸ್ಸೌರಿಯಿಂದ ಅಮೆರಿಕದ ಪಶ್ಚಿಮ ಕರಾವಳಿಯ ಆರೆಗಾನ್‌ಗೆ ಬಂದರು, ದಾರಿಯಲ್ಲಿ ಮಾರ್ಮನ್ನರ (ಅಮೆರಿಕದಲ್ಲೇ ಹುಟ್ಟಿದ ಒಂದು ಕ್ರೈಸ್ತ ಪಂಥದವರು) ದೋಣಿಯಲ್ಲಿ ಹೊಳೆ ದಾಟಿದರು ಅಂತ ಬರೆದಿದ್ದೀಯ. ಎರಡರಲ್ಲಿ ಒಂದು ಸುಳ್ಳು. ಈಗಿನ ವಯೋಮಿಂಗ್‌ನ ಕ್ಯಾಸ್ಪರ್ ಹತ್ತಿರ ನಾರ್ತ್ ಪ್ಲಾಟ್ ನದಿಗೆ ಮಾರ್ಮನ್ನರು ದೋಣಿ ಹಾಕಿದ್ದೇ 1847ರ ಜೂನ್‌ನಲ್ಲಿ. ಬಂಡಿಗೆ ಒಂದೂವರೆ ಡಾಲರ್, ಅದನ್ನೂ ಹಿಟ್ಟಿನ ಲೆಕ್ಕದಲ್ಲಿ ಇಸಿದುಕೊಳ್ಳುತ್ತಿದ್ದರು.

ಅದಕ್ಕೂ ಮುಂಚೆ ಬಂದವರಿಗೆ ಬಂಡಿಯೇ ದೋಣಿ. ಗಾಲಿ ಕಳಚಿ, ಹಲಗೆ ಸಂದುಗಳಿಗೆ ಟಾರೋ ಕೊಬ್ಬೋ ಮೆತ್ತಿ ತೇಲಿಸುವುದು, ಎತ್ತುಗಳನ್ನು ಈಜಿಗೆ ಬಿಡುವುದು. ನೀರು ಕಡಿಮೆಯಿದ್ದರೆ ಬಂಡಿಯ ಅಡಿಗೆ ಮರದ ದಿಮ್ಮಿ ಕೊಟ್ಟು, ಸಾಮಾನು ನೆನೆಯದಷ್ಟು ಎತ್ತರಿಸಿ ಹೊಡೆಯುತ್ತಿದ್ದರು. ಸೌತ್ ಪ್ಲಾಟ್ ಆಳವಿಲ್ಲದ ಅಗಲವಾದ ಹೊಳೆ, ಆದರೆ ತಳವೆಲ್ಲ ಕುಸಿಯುವ ಮರಳು. ನಡುವೆ ಎತ್ತು ನಿಂತಿತೋ, ಗಾಲಿ ಹೂತುಕೊಂಡಿತು ಅಂತಲೇ ಲೆಕ್ಕ.

ಐಡಾಹೋದಲ್ಲಿ ಸ್ನೇಕ್ ನದಿಯ ಮೂರು ನಡುಗಡ್ಡೆಗಳ ಕಡವು ಎಲ್ಲಕ್ಕಿಂತ ಕಷ್ಟದ್ದು. ಧೈರ್ಯ ಸಾಲದವರು ದಾಟದೆ ದಕ್ಷಿಣ ದಂಡೆಯ ಒಣ ದಾರಿಯನ್ನೇ ಹಿಡಿದರು. ಆ ಕಡವಿನಲ್ಲಿ ಅಲ್ಲಿನ ಮೂಲನಿವಾಸಿಗಳಾದ ಶೋಷೋನಿ ಜನ ದಾರಿ ತೋರಿಸಿ ದಾಟಿಸಿದ್ದು ಪ್ರಯಾಣಿಕರ ದಿನಚರಿಗಳಲ್ಲಿದೆ. ಮೊಮ್ಮಕ್ಕಳು ಹೇಳುವ ಮನೆತನದ ಕತೆಗಳಲ್ಲಿ ಮಾತ್ರ ಅವರ ಸುದ್ದಿ ಅಪರೂಪ!

ಇಸವಿ 1845 ಅಂತಲೇ ಖಚಿತವಾದರೆ ಕೊನೆಯ ಗಂಡಾಂತರ ಕೊಲಂಬಿಯಾ ನದಿ. ಆ ನದಿಯನ್ನು ತಪ್ಪಿಸಿ ಬೆಟ್ಟದ ಮೇಲೆ ಹೋಗುವ ಬಾರ್ಲೋ ಸುಂಕದ ರಸ್ತೆ ತೆರೆದದ್ದು 1846ರಲ್ಲಿ. ಅಲ್ಲಿಯವರೆಗೆ ನದಿ ದಂಡೆಯ ದಿ ಡ್ಯಾಲ್ಸ್ ಎಂಬ ಊರಿನಿಂದ ಮುಂದೆ ಬಂಡಿ ದಾರಿಯಿಲ್ಲ, ಹೆಚ್ಚಿನವರು ತೆಪ್ಪದಲ್ಲೋ ದೋಣಿಯಲ್ಲೋ ಇಳಿದರು. 1843ರಲ್ಲಿ ಜೆಸ್ಸಿ ಆಪಲ್‌ಗೇಟ್ ಮತ್ತು ಲಿಂಡ್ಸೆ ಆಪಲ್‌ಗೇಟ್ ಎಂಬ ಅಣ್ಣತಮ್ಮಂದಿರು ಅಲ್ಲೇ ತಲಾ ಒಬ್ಬ ಮಗನನ್ನು ಕಳೆದುಕೊಂಡರು. ಮೂರು ವರ್ಷದ ಮೇಲೆ ದಕ್ಷಿಣದಿಂದ ಬೇರೆ ದಾರಿ ಹುಡುಕಲು ಹೊರಟವರಲ್ಲಿ ಆ ಇಬ್ಬರೂ ಇದ್ದರು.

ಈಗ ನೀನು ಮಾಡಬೇಕಾದ್ದು ಇಷ್ಟು. ಆರೆಗಾನ್‌ನಲ್ಲಿ ನೆಲೆಸಿದವರಿಗೆ ಜಮೀನು ಕೊಡುವ 1850ರ ಕಾಯ್ದೆಯಂತೆ ಮೊದಲೇ ನೆಲೆಸಿದ್ದ ದಂಪತಿಗೆ 640 ಎಕರೆ, ಅದರಲ್ಲಿ ಅರ್ಧ ಹೆಂಡತಿಯ ಹೆಸರಿಗೇ. ಆ ಜಮೀನು ಅರ್ಜಿಗಳಲ್ಲಿ ಹುಟ್ಟೂರು, ಮದುವೆಯಾದ ದಿನ, ಆರೆಗಾನ್‌ಗೆ ಬಂದ ದಿನ ಸಿಗುತ್ತವೆ. ಅಜ್ಜನ ಹೆಸರೊಂದೇ ಸಾಲದು, ಅಜ್ಜಿಯ ಹೆಸರನ್ನೂ ಸೊಸೆಯಿಂದ ಕೇಳಿ ಕಳಿಸು. ಅರ್ಜಿ ಸಿಕ್ಕರೆ ಅದೇ ವರ್ಷ ಬಂದ ಬೇರೆಯವರ ದಿನಚರಿಗಳನ್ನು ಇಲ್ಲಿ ನಾನು ನೋಡುತ್ತೇನೆ.

ನಿನ್ನ ಗೆಳೆಯ